ಮನೆಯ ಯಜಮಾನಿಕೆಯೂ ಮಕ್ಕಳ ತೊಟ್ಟಿಲೂ

(ಸಂಘದ ಮಹಿಳಾ ವಿಭಾಗದ ಆಶ್ರಯದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಸಾಮಾನ್ಯವಾಗಿ ನಾಡು, ನುಡಿ, ಏಕೀಕರಣ, ಕವಿಗಳು, ಶರಣರು, ದಾಸರು ಇವರ ವಿಚಾರವಾಗಿ ಮಾತುಗಳು ಕೇಳಿಬರುತ್ತವೆ. ಅದು ಯುಕ್ತವೇ. ಆದರೆ ನಾಡು ಎಂದರೆ ಕೊನೆಗೆ ಮನೆಗಳ ಸಮುದಾಯವಲ್ಲವೇ? ಆದುದರಿಂದ ಈ ಸಲ ಮನೆಯೊಳಗಿನ ಒಂದು ಮಾತನ್ನು ಆಡಬೇಕೆಂದು ಮಹಿಳಾ ವಿಭಾಗದವರು ಅಪೇಕ್ಷಿಸಿದರು. ಮನೆಯಲ್ಲಿ ಸ್ತ್ರೀಗೆ ಇರುವ ಅಧಿಕಾರಕ್ಕೂ, ಮಕ್ಕಳು ಎಷ್ಟು, ಯಾವಾಗ, ಬೇಕೇ ಬೇಡವೇ ಎಂಬ ನಿರ್ಧಾರಕ್ಕೂ ಇರುವ ಸಂಬಂಧವೇನು ಎಂಬುದೇ ಆ ಮಾತು.

ನಾವು ವೈದ್ಯರಲ್ಲ, ಸಮಾಜಶಾಸ್ತ್ರದ ಪಂಡಿತರೂ ಅಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಲೆಕ್ಕ ನೋಡುವವರು. ಲೆಕ್ಕದವರಿಗೆ ಒಂದು ಅಭ್ಯಾಸವಿರುತ್ತದೆ. ಯಾವ ಖರ್ಚನ್ನು ಕಂಡರೂ, ಇದಕ್ಕೆ ಯಾರು ಸಹಿ ಹಾಕಿದರು, ಇದು ಯಾರ ಖಾತೆಗೆ ಬಿತ್ತು ಎಂದು ಎರಡು ಪ್ರಶ್ನೆ ಕೇಳುವುದು. ಸಹಿ ಒಬ್ಬರದು, ಖರ್ಚು ಇನ್ನೊಬ್ಬರ ಖಾತೆಗೆ ಎಂದಾದರೆ ಅಲ್ಲಿ ಏನೋ ಸರಿಯಿಲ್ಲವೆಂದು ನಾವು ತಿಳಿಯುತ್ತೇವೆ. ಈ ವಿಷಯವನ್ನೂ ಹಾಗೆಯೇ ನೋಡಲು ಅಪ್ಪಣೆ ಬೇಡುತ್ತೇವೆ. ಹಿರಿಯರು ಕುಳಿತಿರುವ ಸಭೆಯಲ್ಲಿ ಇಂಥ ಮಾತು ಸಂಕೋಚದ್ದೆಂಬುದನ್ನು ಬಲ್ಲೆವು. ಆದರೆ ಸಂಕೋಚದ ದೆಸೆಯಿಂದಲೇ ಎಷ್ಟೋ ಮನೆಗಳಲ್ಲಿ ಈ ಮಾತು ಆಡುವ ಮೊದಲೇ ತೀರ್ಮಾನವಾಗಿಹೋಗಿರುತ್ತದೆ.

ಅಧಿಕಾರ ಎಂದರೇನು? ನಮ್ಮ ಅಜ್ಜಿಯರ ಕಾಲದ ಅವಿಭಕ್ತ ಕುಟುಂಬವನ್ನು ನೆನೆಯಿರಿ. ಉಗ್ರಾಣದ ಬೀಗದ ಕೈಗೊಂಚಲು ಅತ್ತೆಯ ಸೊಂಟದಲ್ಲಿ. ಅಡಿಗೆಗೆ ಎಷ್ಟು ಅಕ್ಕಿ ಅಳೆಯಬೇಕು, ಯಾವ ಸೊಸೆ ಯಾವ ಹಬ್ಬಕ್ಕೆ ತವರಿಗೆ ಹೋಗಬೇಕು, ಯಾರಿಗೆ ಯಾವ ಸೀರೆ, ಎಲ್ಲವೂ ಆಕೆಯ ಬಾಯಿಂದ ಬರಬೇಕು. ಹೊಸದಾಗಿ ಬಂದ ಸೊಸೆಗೆ ಆ ಮನೆಯಲ್ಲಿ ಮಾತಿರಲಿಲ್ಲ. ಆಕೆಗೆ ಮಾತು ಬರುತ್ತಿದ್ದುದು ಯಾವಾಗ? ಬಸಿರಾದಾಗ. ಬಯಕೆಯ ಹೆಸರಿನಲ್ಲಿ ಮೊದಲ ಬಾರಿಗೆ ಆಕೆ ತನಗೆ ಇಂಥದ್ದು ಬೇಕೆಂದು ಕೇಳುತ್ತಿದ್ದಳು. ಹಳೇ ಮೈಸೂರಿನ ಕಡೆ ಸೀಮಂತ, ಉತ್ತರ ಕರ್ನಾಟಕದ ಕಡೆ ಕುಬಸ. ಹಸಿರು ಬಳೆ, ಮಡಿಲು ತುಂಬುವುದು, ಚೊಚ್ಚಲ ಹೆರಿಗೆಗೆ ತವರಿನ ಪ್ರಯಾಣ. ಗಂಡುಮಗುವನ್ನು ಎತ್ತಿಕೊಂಡು ಹಿಂದಿರುಗಿದ ಸೊಸೆಗೆ ಮನೆಯಲ್ಲಿ ಒಂದು ಮೆಟ್ಟಿಲು ಹೆಚ್ಚು. ಇನ್ನೊಂದು ಗಂಡಾದರೆ ಇನ್ನೊಂದು ಮೆಟ್ಟಿಲು. ಆ ಮಕ್ಕಳು ಬೆಳೆದು ಮದುವೆಯಾಗಿ ಸೊಸೆಯರು ಬಂದ ದಿನ ಬೀಗದ ಕೈ ಆಕೆಯ ಸೊಂಟಕ್ಕೆ.

ಅಂದರೆ ನಮ್ಮ ಮನೆಗಳಲ್ಲಿ ಸ್ತ್ರೀಗೆ ಅಧಿಕಾರವೇ ಇರಲಿಲ್ಲವೆಂಬುದು ನಿಜವಲ್ಲ. ಇತ್ತು, ಆದರೆ ಅದು ಹೆತ್ತು ಪಡೆಯುವ ಅಧಿಕಾರವಾಗಿತ್ತು. ಹೆರುವುದರ ಮೇಲಿನ ಅಧಿಕಾರ ಬೇರೆ. ಈ ಎರಡನ್ನೂ ನಾವು ಒಂದೇ ಎಂದು ಭಾವಿಸುವುದರಿಂದ ಬಹಳ ಗೊಂದಲವಾಗುತ್ತದೆ. ಮಕ್ಕಳೇ ಮೆಟ್ಟಿಲಾಗಿರುವ ಮನೆಯಲ್ಲಿ ಯಾವ ಹೆಂಗಸು ತಾನೇ 'ಸಾಕು' ಎಂದಾಳು? 'ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ' ಎಂಬ ಗಾದೆಯನ್ನು ಅಜ್ಜಿಯರೇ ಹೆಚ್ಚಾಗಿ ಹೇಳುತ್ತಿದ್ದುದಕ್ಕೆ ಇದೇ ಕಾರಣ. ಅವರನ್ನು ನಾವು ದೂಷಿಸಬಾರದು. ಎಳೆಯ ಮಕ್ಕಳು ಸಿಡುಬು, ಕಾಲರಾಗಳಿಗೆ ತುತ್ತಾಗುತ್ತಿದ್ದ ಕಾಲದಲ್ಲಿ, ಸ್ವಂತ ಆಸ್ತಿಯಿಲ್ಲದ, ವಿಧವೆಯಾದರೆ ಮೂಲೆ ಸೇರಬೇಕಾದ ಹೆಂಗಸಿಗೆ ಗಂಡುಮಕ್ಕಳೇ ಜೀವವಿಮೆ, ಗಂಡುಮಕ್ಕಳೇ ನಿವೃತ್ತಿ ವೇತನ.

ಇದನ್ನು ಬದಲಿಸಬೇಕಾದರೆ ಎರಡೂ ಕಡೆಯಿಂದ ಕೈ ಹಾಕಬೇಕೆಂದು ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಕೆಲವರು ಅರಿತಿದ್ದರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಮೈಸೂರು ಸಂಸ್ಥಾನದಲ್ಲಿ 1930ರಲ್ಲಿಯೇ ಸರಕಾರದ ವತಿಯಿಂದ ಸಂತಾನ ನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಾಯಿತು. ಆ ಕಾಲಕ್ಕೆ ಬೇರೆ ದೇಶಗಳ ಸರಕಾರಗಳೂ ಈ ಕೆಲಸಕ್ಕೆ ಕೈಹಾಕಲು ಹಿಂಜರಿಯುತ್ತಿದ್ದವು. ಅದಾದ ಮೂರೇ ವರ್ಷಕ್ಕೆ, 1933ರಲ್ಲಿ, ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳ ಕಾಯಿದೆ ಅದೇ ಸಂಸ್ಥಾನದಲ್ಲಿ ಬಂದಿತು. ಒಂದು ಆಸ್ಪತ್ರೆಯ ಬಾಗಿಲು, ಇನ್ನೊಂದು ಆಸ್ತಿಯ ಬಾಗಿಲು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಇಂದಿನ ವಿಷಯವೆಲ್ಲ ಅದರಲ್ಲಿಯೇ ಅಡಗಿದೆ.

ನಾವು ಈಗ ಬಾಳುತ್ತಿರುವ ಈ ಮುಂಬಯಿ ನಗರವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ ರಘುನಾಥ ಕರ್ವೆಯವರು ಗಣಿತದ ಅಧ್ಯಾಪಕರು. ಅವರು 1921ರಲ್ಲಿ ಇಲ್ಲಿ ಸಂತಾನ ನಿಯಮನದ ಸಲಹಾಲಯವನ್ನು ತೆರೆದರು. ಇದರಿಂದಾಗಿ ಅಧ್ಯಾಪಕ ವೃತ್ತಿಯನ್ನೇ ಬಿಡಬೇಕಾಯಿತು. ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು. ಆದರೂ 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೂ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿಕೊಂಡು ಬಂದರು. ದೇಶದ ಕುಟುಂಬ ಯೋಜನಾ ಸಂಘವು 1949ರಲ್ಲಿ ಸ್ಥಾಪನೆಯಾದುದೂ ಮುಂಬಯಿಯಲ್ಲಿಯೇ. ಅದರ ಮೊದಲ ಅಧ್ಯಕ್ಷೆ ಧನವಂತಿ ರಾಮರಾವ್ ಅವರು ಕಾಶ್ಮೀರಿ ಮನೆತನದವರಾದರೂ 1893ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅವರ ಪತಿ ಬೆನಗಲ್ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಆ ಕಾಲದ ನೋಟುಗಳ ಮೇಲೆ ಪತಿಯ ಸಹಿ. ದೇಶದ ತಾಯಂದಿರ ಪರವಾದ ಮನವಿಗಳ ಮೇಲೆ ಪತ್ನಿಯ ಸಹಿ! ಬ್ಯಾಂಕಿನವರಾದ ನಮಗೆ ಇದೊಂದು ಸಂತೋಷದ ಸಂಗತಿ.

ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರು 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರನ್ನು ಕಂಡರು. ಗಾಂಧೀಜಿಯವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ; ಸಂಯಮವೇ ಮಾರ್ಗವೆಂದರು; ಹೆಂಡತಿಯಾದವಳು ಗಂಡನಿಗೆ 'ಬೇಡ' ಎನ್ನುವುದನ್ನು ಕಲಿಯಬೇಕೆಂದರು. ಹಾಗೆ ಎಲ್ಲ ಹೆಂಗಸರಿಗೂ ಸಾಧ್ಯವಾದೀತೇ, ಅವರ ಕೈಗೆ ಒಂದು ಸಾಧನ ಬೇಡವೇ ಎಂಬುದು ಸ್ಯಾಂಗರ್ ಅವರ ವಾದವಾಗಿತ್ತು. ಇಬ್ಬರೂ ಒಪ್ಪಲಿಲ್ಲ. ಆದರೆ ಗಮನಿಸಿ, ಇಬ್ಬರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತದೆ: ಮಂಚದ ಬಳಿ ಹೆಂಗಸಿನ 'ಬೇಡ' ಎಂಬ ಮಾತಿಗೆ ಬೆಲೆಯಿದೆಯೇ ಇಲ್ಲವೇ?

ಭಾರತ ಸರಕಾರವು 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಜಗತ್ತಿನಲ್ಲಿಯೇ ಇದು ಮೊದಲನೆಯದು. ಆ ವರ್ಷಗಳಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು ನಮ್ಮ ರಾಮನಗರ, ಇನ್ನೊಂದು ದಿಲ್ಲಿಯ ಲೋದಿ ಕಾಲೊನಿ. ತಿಂಗಳಿನಲ್ಲಿ ಯಾವ ದಿನಗಳು ಗರ್ಭ ನಿಲ್ಲುವ ದಿನಗಳು, ಯಾವುವು ಅಲ್ಲ ಎಂಬುದನ್ನು ಓದು ಬರಹ ಬಾರದ ಹೆಂಗಸರೂ ತಿಳಿಯುವಂತೆ ಬಣ್ಣ ಬಣ್ಣದ ಮಣಿಗಳ ಸರವನ್ನು ಮಾಡಿ ಕೊಟ್ಟರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಮಣಿಯ ಬಣ್ಣ ನೋಡಿ ನಡೆದುಕೊಳ್ಳಬೇಕು. ಉಪಾಯವೇನೋ ಚೆಲುವಾದುದೇ. ಆದರೆ ಅದು ಬಹುಕಾಲ ನಿಲ್ಲಲಿಲ್ಲ. ತಿಂಗಳ ಲೆಕ್ಕ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲವೆಂಬುದು ಒಂದು ದೋಷ. ಇನ್ನೊಂದನ್ನು ನಾವು ಊಹಿಸಬಹುದು. ಮಣಿ ಸರಿಸುವುದು ಹೆಂಡತಿಯ ಕೈಯಲ್ಲಿದ್ದರೂ, ಮಣಿಯ ಮಾತನ್ನು ಕೇಳುವುದು ಗಂಡನ ಮನಸ್ಸಿನಲ್ಲಿತ್ತು.

ಇನ್ನು ನಂಟುತನದ ವಿಚಾರ. ಆ ಕರ್ವೆ ಮನೆತನದ ಸೊಸೆಯೇ ಆದ ಪುಣೆಯ ಇರಾವತಿ ಕರ್ವೆಯವರು 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. ಉತ್ತರದಲ್ಲಿ ಹೆಣ್ಣನ್ನು ದೂರದ, ಪರಿಚಯವಿಲ್ಲದ ಊರಿಗೆ ಕೊಡುವುದು ಪದ್ಧತಿ. ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹತ್ತಿರದಲ್ಲಿಯೇ ಕೊಡುವುದು ವಾಡಿಕೆ. 1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಎಂಬ ಇಬ್ಬರು ವಿದ್ವಾಂಸರು ಈ ಭೇದವನ್ನೇ ಹಿಡಿದು ಒಂದು ವಾದವನ್ನು ಮಂಡಿಸಿದರು. ದಕ್ಷಿಣದ ಹೆಣ್ಣಿಗೆ ತವರು ಹತ್ತಿರ, ಅತ್ತೆ ಹೊಸಬಳಲ್ಲ, ಸಂಕಟ ಬಂದರೆ ಹೇಳಿಕೊಳ್ಳಲು ತನ್ನವರಿದ್ದಾರೆ. ಆದುದರಿಂದ ಆಕೆಗೆ ಮನೆಯಲ್ಲಿ ಸ್ವಲ್ಪ ಹೆಚ್ಚು ಮಾತಿದೆ. ಆದುದರಿಂದಲೇ ದಕ್ಷಿಣದಲ್ಲಿ ಹೆರಿಗೆಗಳೂ ಕಡಿಮೆ, ಎಳೆಯ ಮಕ್ಕಳ ಸಾವೂ ಕಡಿಮೆ ಎಂದು. ಈ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಸೋದರಿಕೆಯ ಮದುವೆಯಲ್ಲಿ ಸಲಿಗೆಯಿರುವಂತೆ ಕಟ್ಟುಪಾಡೂ ಇರುತ್ತದೆ. ಹತ್ತಿರದ ರಕ್ತಸಂಬಂಧದಿಂದ ಮಕ್ಕಳಿಗೆ ಬರಬಹುದಾದ ರೋಗಗಳ ಮಾತನ್ನು ವೈದ್ಯರು ಹೇಳುತ್ತಲೇ ಇದ್ದಾರೆ. ಆದರೂ ತವರು ಹತ್ತಿರವಿದ್ದರೆ ಹೆಣ್ಣಿನ ಬೆನ್ನು ನೆಟ್ಟಗಿರುತ್ತದೆಂಬ ಮಾತನ್ನು ಇಲ್ಲಿರುವ ಯಾವ ತಾಯಿಯೂ ಅಲ್ಲಗಳೆಯಲಾರರು.

ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು, ಬೆಂಗಳೂರಿನ ಪಿ. ಎಚ್. ರೆಡ್ಡಿಯವರು ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರು ಕರ್ನಾಟಕದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಹಿರಿಯರ ಹಿಡಿತ ಸಡಿಲವಾಗಿ, ಗಂಡ ಹೆಂಡಿರ ನಡುವಣ ಸಲಿಗೆ ಹೆಚ್ಚಿದುದು, ಮದುವೆಯ ವಯಸ್ಸು ಏರಿದುದು, ಮಕ್ಕಳನ್ನು ಹೊಲಕ್ಕೆ ಕಳಿಸುವ ಬದಲು ಶಾಲೆಗೆ ಕಳಿಸಬೇಕಾಗಿ ಬಂದುದು, ಇವೆಲ್ಲ ಕೂಡಿ ಸಂಸಾರಗಳು ಚಿಕ್ಕವಾದವು ಎಂದು. ಮಗಳ ಬಾಣಂತನ ಮಾಡುವ ವಯಸ್ಸಿನಲ್ಲಿ ತಾನೇ ಬಸಿರಾಗುವುದು ನಾಚಿಕೆಯೆಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇತ್ತು. ಅಂದರೆ ಸಂತಾನಕ್ಕೆ ಮಿತಿ ಎಂಬುದು ಪರದೇಶದಿಂದ ಬಂದ ವಿಚಾರವಲ್ಲ. ಮಿತಿಯನ್ನು ಹಾಕುವವರು ಯಾರು ಎಂಬುದಷ್ಟೇ ಬದಲಾಗುತ್ತ ಬಂದಿದೆ.

ಈಗ ನಮ್ಮ ವಿಷಯಕ್ಕೆ, ಅಂದರೆ ಊರು ಬಿಟ್ಟು ಬಂದ ಕುಟುಂಬಗಳ ವಿಷಯಕ್ಕೆ ಬರೋಣ. ಕಾರವಾರ, ಉಡುಪಿ, ಬಿಜಾಪುರ, ಹಾಸನಗಳಿಂದ ಬಂದು ಚಾಳಿನ ಒಂದು ಕೋಣೆಯಲ್ಲಿ, ಮುಂದೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದಾಗ ಏನಾಯಿತು? ಅತ್ತೆಯ ಬೀಗದ ಕೈ ಊರಿನಲ್ಲಿಯೇ ಉಳಿಯಿತು. ಇಲ್ಲಿ ಹೆಂಡತಿಯೇ ಯಜಮಾನಿ. ರೇಷನ್ನು, ಹಾಲು, ಶಾಲೆಯ ಫೀಜು ಎಲ್ಲವೂ ಆಕೆಯ ಕೈಯಲ್ಲಿ. ಇದು ಲಾಭದ ಬಾಬು. ಆದರೆ ತವರೂ ಊರಿನಲ್ಲಿಯೇ ಉಳಿಯಿತು. ಇದು ನಷ್ಟದ ಬಾಬು. ಅಕ್ಕ ತಂಗಿ, ಚಿಕ್ಕಮ್ಮ ದೊಡ್ಡಮ್ಮ ಯಾರೂ ಬಳಿಯಲ್ಲಿಲ್ಲ. ಭಾಷೆ ಬೇರೆಯಾದ ಊರಿನಲ್ಲಿ ಡಾಕ್ಟರರ ಮುಂದೆ ತನ್ನ ಮೈಯ ಸಂಕಟವನ್ನು ಹೇಳಲು ಮಾತು ಸಿಕ್ಕದೆ, ಗಂಡನೇ ದುಭಾಷಿಯಾಗಬೇಕಾದ ಸ್ಥಿತಿಯನ್ನು ನಮ್ಮ ಎಷ್ಟೋ ತಾಯಂದಿರು ಅನುಭವಿಸಿದ್ದಾರೆ. ಹೆಂಡತಿ ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಗಂಡ ಹಿಂದಿಯಲ್ಲಿ ಒಂದು ಮಾತು ಹೇಳುತ್ತಾನೆ. ಉಳಿದ ಮೂರು ಮಾತು ಎಲ್ಲಿ ಹೋದವು? ಅವುಗಳಲ್ಲಿ 'ನನಗೆ ಈಗಲೇ ಇನ್ನೊಂದು ಬೇಡ' ಎಂಬ ಮಾತೂ ಇದ್ದಿರಬಹುದು.

ನುಡಿಯೂ ಅಧಿಕಾರವೇ. ಕನ್ನಡ ಸಂಘಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಇದೇ ನಮ್ಮ ಉತ್ತರ.

ಇನ್ನು ಅಂಕಿಸಂಖ್ಯೆಗಳು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಸುಮಾರು 6 ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಾಸರಿ 2.0, ಕರ್ನಾಟಕದಲ್ಲಿ 1.7, ಮಹಾರಾಷ್ಟ್ರದಲ್ಲಿಯೂ 1.7. ಇದನ್ನು ಕಂಡು, ಹೆಂಗಸರಿಗೆ ಅಧಿಕಾರ ಬಂದುಬಿಟ್ಟಿತು, ಇನ್ನು ಮಾತೇಕೆ ಎನ್ನುವವರಿದ್ದಾರೆ. ಲೆಕ್ಕದವರಾದ ನಾವು ಮೊತ್ತವನ್ನಷ್ಟೇ ನೋಡುವುದಿಲ್ಲ, ಬಾಬುಗಳನ್ನೂ ನೋಡುತ್ತೇವೆ. ಅದೇ ಸಮೀಕ್ಷೆಯನ್ನು ತೆರೆದು ನೋಡಿ. ಕರ್ನಾಟಕದ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿರುವುದು ನೂರಕ್ಕೆ 57ರಷ್ಟು. ಗಂಡನಿಗೆ ಆಗಿರುವುದು? ನೂರಕ್ಕೆ ಒಂದೂ ಇಲ್ಲ. ಪುಸ್ತಕದಲ್ಲಿ ಸೊನ್ನೆ ಎಂದೇ ಅಚ್ಚಾಗಿದೆ. ಇಡೀ ದೇಶದಲ್ಲಿ ಹೆಂಗಸರದು ಸುಮಾರು 38, ಗಂಡಸರದು 0.3.

ಗಂಡಸಿನ ಶಸ್ತ್ರಚಿಕಿತ್ಸೆ ಇವೆರಡರಲ್ಲಿ ಸುಲಭವಾದುದೆಂದು ವೈದ್ಯರೇ ಹೇಳುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಪೂರ್ತಿ ಅರಿವಳಿಕೆ ಬೇಕಿಲ್ಲ, ಅಂದೇ ಮನೆಗೆ ಬರಬಹುದು. ಮೂರು ತಿಂಗಳ ಕಾಲ ಬೇರೆ ಎಚ್ಚರಿಕೆ ವಹಿಸಿ, ಆಮೇಲೆ ಪರೀಕ್ಷೆ ಮಾಡಿಸಿದರಾಯಿತು. ಆದರೂ ಸೊನ್ನೆ ಏಕೆ? ಒಂದು ಕಾರಣ ಚರಿತ್ರೆಯಲ್ಲಿದೆ. ತುರ್ತು ಪರಿಸ್ಥಿತಿಯ 1976-77ನೇ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರಿಗೆ, ಎಷ್ಟೋ ಕಡೆ ಬಲಾತ್ಕಾರವಾಗಿ. ಗಂಡಸರು ಸಿಟ್ಟಾದರು, 1977ರ ಚುನಾವಣೆಯಲ್ಲಿ ಸರಕಾರವೇ ಉರುಳಿತು. ಅಂದಿನಿಂದ ಆ ಭಾರವೆಲ್ಲ ಹೆಂಗಸರ ಕಡೆಗೆ ತಿರುಗಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಯಾದ ಹೆಂಗಸರಲ್ಲಿ 13 ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ಗಂಡಸರ ಮೇಲಾದ ಬಲಾತ್ಕಾರಕ್ಕೆ ದೇಶ ನಡುಗಿತು. ಹೆಂಗಸರ ಸಾವಿಗೆ ಯಾವ ಸರಕಾರವೂ ಉರುಳಲಿಲ್ಲ. ಸಹಿ ಯಾರದು, ಖಾತೆ ಯಾರದು ಎಂದು ಮೊದಲಿಗೆ ಕೇಳಿದೆವಲ್ಲ, ಅದರ ಅರ್ಥ ಇದು.

ಅವಿಭಜಿತ ಆಂಧ್ರಪ್ರದೇಶದ ಉದಾಹರಣೆಯನ್ನೂ ನೋಡಿ. ಹೈದರಾಬಾದಿನಲ್ಲಿ ನೆಂಟರಿರುವ ನಮ್ಮವರು ಅನೇಕರಿದ್ದಾರೆ. 2001ರ ಜನಗಣತಿಯಲ್ಲಿ ಅಲ್ಲಿ ಓದು ಬರಹ ಬಲ್ಲ ಹೆಂಗಸರು ಸುಮಾರು ಅರ್ಧದಷ್ಟು ಮಾತ್ರ. ಆದರೂ 2005-06ರ ಹೊತ್ತಿಗೆ ಸರಾಸರಿ ಮಕ್ಕಳು 1.8ಕ್ಕೆ ಇಳಿದಿತ್ತು. ಚಿಕ್ಕ ವಯಸ್ಸಿಗೆ ಮದುವೆ, ಬೇಗ ಬೇಗನೆ ಎರಡು ಹೆರಿಗೆ, ಇಪ್ಪತ್ತೈದು ತುಂಬುವ ಮೊದಲೇ ಶಸ್ತ್ರಚಿಕಿತ್ಸೆ, ಇದು ಅಲ್ಲಿ ಸಾಮಾನ್ಯವಾದ ಕ್ರಮವಾಯಿತು. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿಯೂ ಇದು ಅಪರೂಪವೇನಲ್ಲ. ಆದುದರಿಂದ ಮಕ್ಕಳು ಕಡಿಮೆಯಾದವೆಂದ ಮಾತ್ರಕ್ಕೆ ತಾಯಿಗೆ ಅಧಿಕಾರ ಬಂದಿತೆಂದು ಹೇಳಲಾಗದು. ಮೊದಲು ಹೆಚ್ಚು ಹೆರು ಎಂದವರೇ ಈಗ ಎರಡಕ್ಕೆ ನಿಲ್ಲಿಸು ಎನ್ನಬಹುದು. ಹೇಳುವವರು ಹೇಳುತ್ತಲೇ ಇದ್ದಾರೆ. ಕೇಳುವವಳು ಕೇಳುತ್ತಲೇ ಇದ್ದಾಳೆ.

ಎರಡಕ್ಕೆ ನಿಲ್ಲಿಸು ಎಂದವರು ಮುಂದೆ ಇನ್ನೊಂದು ಮಾತನ್ನೂ ಸೇರಿಸಿದರು: ಎರಡರಲ್ಲಿ ಒಂದಾದರೂ ಗಂಡಾಗಿರಲಿ ಎಂದು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತು ಕೇಳಲು ಇಂಪು. ಆದರೆ ಸಂಸಾರ ಚಿಕ್ಕದಾದಷ್ಟೂ ಗಂಡು ಬೇಕೆಂಬ ಹಟ ಹೆಣ್ಣುಮಕ್ಕಳ ಪ್ರಾಣಕ್ಕೆ ಬಂದಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣುಗಳೆಷ್ಟು ಎಂದು ಜನಗಣತಿ ಎಣಿಸುತ್ತದೆ. ಮಹಾರಾಷ್ಟ್ರದಲ್ಲಿ 1991ರಲ್ಲಿ 946 ಇದ್ದುದು 2011ರಲ್ಲಿ 894 ಆಯಿತು; ಕರ್ನಾಟಕದಲ್ಲಿ 960 ಇದ್ದುದು 948. ಭ್ರೂಣದ ಲಿಂಗವನ್ನು ಪತ್ತೆ ಮಾಡುವುದನ್ನು ತಡೆಯಲು ಮಹಾರಾಷ್ಟ್ರ 1988ರಲ್ಲಿಯೇ, ಕೇಂದ್ರ ಸರಕಾರ 1994ರಲ್ಲಿ ಕಾಯಿದೆ ಮಾಡಿದವು. ಆದರೂ 2023ರಲ್ಲಿ ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ ಯಂತ್ರವನ್ನಿಟ್ಟುಕೊಂಡು ಇದೇ ಕೆಲಸ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ಕಹಿ! ಅಲ್ಲಿಗೆ ಹೋದ ಹೆಂಗಸರು ತಾವಾಗಿಯೇ ಹೋದರೆಂದು ಹೇಳುವುದು ಸುಲಭ. ಎರಡನೆಯದೂ ಹೆಣ್ಣಾದರೆ ತನ್ನ ಬಾಳು ಏನಾದೀತೆಂಬ ಭಯದಿಂದ ಹೋದವಳು ತಾನಾಗಿಯೇ ಹೋದಂತೆ ಹೇಗಾದೀತು? ಗಂಡೋ ಹೆಣ್ಣೋ ಎಂಬುದನ್ನು ನಿಶ್ಚಯಿಸುವ ಅಂಶ ಬರುವುದು ತಂದೆಯಿಂದ ಎಂಬ ವಿಜ್ಞಾನದ ಪಾಠವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಮನೆಯಲ್ಲಿ ಮಾತ್ರ ಹಳೆಯ ಪಾಠವೇ ನಡೆದಿದೆ.

ಹೆರುವ ಸಂಕಟದ ಖಾತೆ ಎಷ್ಟು ಭಾರವಾದುದೆಂಬುದಕ್ಕೆ ಕನ್ನಡಿಗರಾದ ನಮಗೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಪ್ರಿಯ ಕಾದಂಬರಿಗಾರ್ತಿ ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಕದಡಿದಾಗ ಗಂಡನೂ ಸಮಾಜವೂ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಅವರ 'ಶರಪಂಜರ' ಹೇಳುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ಕಣ್ಣೀರಿಟ್ಟವರು ಈ ಸಭೆಯಲ್ಲಿಯೂ ಇದ್ದೀರಿ.

ಹಣ ಕೈಯಲ್ಲಿದ್ದರೆ ಅಧಿಕಾರ ತಾನಾಗಿ ಬರುತ್ತದೆಯೇ? ಇದು ನಮ್ಮ ವೃತ್ತಿಗೆ ಸೇರಿದ ಪ್ರಶ್ನೆ. 2015-16ರಲ್ಲಿ ತಾವೇ ನಡೆಸುವ ಬ್ಯಾಂಕಿನ ಖಾತೆಯಿದ್ದ ಹೆಂಗಸರು ದೇಶದಲ್ಲಿ ನೂರಕ್ಕೆ 53. 2019-21ರಲ್ಲಿ ಸುಮಾರು 79. ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ಕೌಂಟರಿನ ಈಚೆಯಿಂದ ನಾವು ನೋಡುವುದು ಇನ್ನೂ ಕೆಲವಿದೆ. ಖಾತೆ ಹೆಂಡತಿಯ ಹೆಸರಿನಲ್ಲಿ, ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ. ಗುಟ್ಟಿನ ಸಂಖ್ಯೆ ಮಗನಿಗೆ ಬಾಯಿಪಾಠ. ಸಹಿ ಮಾಡಲು ಮಾತ್ರ ಆಕೆ ಬರುತ್ತಾಳೆ, ಎಲ್ಲಿ ಎಂದು ತೋರಿಸಿದಲ್ಲಿ ಮಾಡಿ ಹೋಗುತ್ತಾಳೆ. ಸಂಬಳ ತರುವ ಹೆಂಗಸರಲ್ಲಿಯೂ ಇದು ಇಲ್ಲದಿಲ್ಲ. ಆದರೆ ತನ್ನ ಹಣವನ್ನು ತಾನೇ ತೆಗೆದು ತಾನೇ ಖರ್ಚು ಮಾಡುವ ಹೆಂಗಸು ಯಾರನ್ನೂ ಕೇಳದೆ ಡಾಕ್ಟರರ ಬಳಿ ಹೋಗಿ ಬರಬಲ್ಲಳು. ಅಷ್ಟರ ಮಟ್ಟಿಗೆ ಪಾಸುಬುಕ್ಕೂ ಒಂದು ಔಷಧಿಯೇ. 1961ರ ಹೆರಿಗೆ ಸೌಲಭ್ಯದ ಕಾಯಿದೆಯನ್ನು 2017ರಲ್ಲಿ ತಿದ್ದಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. ಆದರೆ ಮಗುವಿನ ಭಾರವೆಲ್ಲ ತಾಯಿಯದೇ ಎಂದು ಮನೆಯವರೂ ಯಜಮಾನರೂ ತಿಳಿದಿರುವವರೆಗೆ, ಬಡ್ತಿ ಬೇಕೋ ಮಗು ಬೇಕೋ ಎಂಬ ಪ್ರಶ್ನೆ ಹೆಂಗಸಿಗೆ ಮಾತ್ರ ಎದುರಾಗುತ್ತಿರುತ್ತದೆ. ಗಂಡಸನ್ನು ಯಾರೂ ಹೀಗೆ ಕೇಳಿದುದನ್ನು ನಾವು ಕಂಡಿಲ್ಲ.

ಆಸ್ತಿಯ ಬಾಗಿಲನ್ನೂ ಮರೆಯಬಾರದು. ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲಿ, ಇಡೀ ದೇಶ 2005ರಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಪಾಲು ಕೊಟ್ಟವು. ಮಗಳಿಗೂ ಪಾಲಿರುವ ಮನೆಯಲ್ಲಿ ಮಗಳು ಹೊರೆಯೆನಿಸುವುದಿಲ್ಲ. ಪಾಲಿರುವ ತಾಯಿಗೆ ಮಗನೊಬ್ಬನೇ ಗತಿಯಾಗುವುದಿಲ್ಲ. ಆದರೆ ಪಾಲನ್ನು ಬಿಟ್ಟುಕೊಟ್ಟೆನೆಂದು ಅಣ್ಣತಮ್ಮಂದಿರಿಗೆ ಸಹಿ ಮಾಡಿಕೊಡುವುದೇ ಒಳ್ಳೆಯ ಹೆಣ್ಣಿನ ಲಕ್ಷಣವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ.

ಇನ್ನೊಂದು ಮಾತು. ಅಧಿಕಾರವೆಂದರೆ 'ಬೇಡ' ಎನ್ನುವ ಅಧಿಕಾರವಷ್ಟೇ ಅಲ್ಲ. 'ಬೇಕು' ಎನ್ನುವುದೂ ಹೌದು. ಇಂದು ನಗರಗಳಲ್ಲಿ, ಮನೆಯ ಸಾಲದ ಕಂತು ತೀರಲಿ, ಆಮೇಲೆ ನೋಡೋಣ ಎಂದು ಗಂಡನೇ ಮುಂದೂಡಿದ ಮನೆಗಳಿವೆ. ಮಕ್ಕಳಾಗದಿದ್ದರೆ ಪರೀಕ್ಷೆಗಳೆಲ್ಲ ಹೆಂಡತಿಗೆ ಮೊದಲು. ದೋಷ ಗಂಡನಲ್ಲಿಯೂ ಇರಬಹುದೆಂಬುದು ಕೊನೆಗೆ ನೆನಪಾಗುತ್ತದೆ. ಮಕ್ಕಳೇ ಬೇಡವೆಂದು ಇಬ್ಬರೂ ಕೂಡಿ ತೀರ್ಮಾನಿಸಿದ ದಂಪತಿಗಳೂ ಇದ್ದಾರೆ. ಅವರನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ. ಇವರೆಲ್ಲರನ್ನೂ ನೋಯಿಸುವ ಒಂದು ಪ್ರಶ್ನೆ ನಮ್ಮ ಸಮಾರಂಭಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಮದುವೆಯಾಗಿ ವರ್ಷ ತುಂಬಿದ ಹುಡುಗಿಯನ್ನು ಕಂಡೊಡನೆ, 'ಏನಮ್ಮಾ, ವಿಶೇಷ ಏನೂ ಇಲ್ಲವೇ?' ಎಂದು ಕೇಳುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಆ ಹುಡುಗಿ ಅಂದು ರಾತ್ರಿ ಮನೆಗೆ ಹೋಗಿ ಏನು ಮಾಡುತ್ತಾಳೆಂಬುದು ನಮಗೆ ಗೊತ್ತಾಗುವುದಿಲ್ಲ.

ಕಾನೂನು ಈಗ ಎಲ್ಲಿದೆ? 1971ರ ಗರ್ಭಪಾತ ಕಾಯಿದೆಯ ಪ್ರಕಾರ, ಹದಿನೆಂಟು ತುಂಬಿದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು, ಹೆರುವ ಅಥವಾ ಹೆರದಿರುವ ಆಯ್ಕೆ ಸ್ತ್ರೀಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸಂವಿಧಾನದ 21ನೇ ವಿಧಿಯನ್ನು ಆಧರಿಸಿ ಹೇಳಿತು. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಅವಧಿಯನ್ನು 24 ವಾರಗಳಿಗೆ ಏರಿಸಿತು. ಅವಿವಾಹಿತೆಯರಿಗೂ ಇದರಲ್ಲಿ ಭೇದವಿಲ್ಲವೆಂದು 2022ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಆದರೂ ಗಂಡನ ಸಹಿ ತನ್ನಿರಿ ಎನ್ನುವ ಆಸ್ಪತ್ರೆಗಳು ಇಲ್ಲವೆಂದಲ್ಲ. ಪುಸ್ತಕದ ಸಹಿ ಒಬ್ಬಳದು. ಕೌಂಟರಿನಲ್ಲಿ ಕೇಳುವ ಸಹಿ ಇನ್ನೊಬ್ಬನದು.

ಹಾಗಾದರೆ ನಮ್ಮಂಥ ಸಂಘ ಏನು ಮಾಡಬಹುದು? ದೊಡ್ಡ ದೊಡ್ಡ ಮಾತು ಬೇಡ. ನಾಲ್ಕು ಚಿಕ್ಕ ಕೆಲಸಗಳನ್ನು ಸಭೆಯ ಮುಂದಿಡುತ್ತೇವೆ.

ಮೊದಲನೆಯದಾಗಿ, ಕನ್ನಡ ಬಲ್ಲ ಒಬ್ಬ ಲೇಡಿ ಡಾಕ್ಟರನ್ನು ತಿಂಗಳಿಗೊಮ್ಮೆಯಾದರೂ ಸಂಘದ ಕೋಣೆಗೆ ಕರೆಸೋಣ. ಗಂಡ, ಅತ್ತೆ, ಯಾರ ಮಧ್ಯಸ್ಥಿಕೆಯೂ ಇಲ್ಲದೆ ನಮ್ಮ ಹೆಣ್ಣುಮಕ್ಕಳು ತಮ್ಮ ನುಡಿಯಲ್ಲಿ ತಮ್ಮ ಸಂಕಟವನ್ನು ಹೇಳಲಿ. ಡಾಕ್ಟರು ಸಿಕ್ಕದಿದ್ದರೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಮಾತನ್ನು ಪೂರ್ತಿಯಾಗಿ ಹೇಳಬಲ್ಲ ನಾಲ್ಕು ಮಂದಿ ಸೋದರಿಯರ ಪಟ್ಟಿಯಾದರೂ ಇರಲಿ.

ಎರಡನೆಯದಾಗಿ, ಈ ವಿಷಯದ ಸಭೆಗಳಿಗೆ ಗಂಡಸರನ್ನೂ ಕರೆಯೋಣ. ಹೆಂಡತಿಯ ಎರಡನೆಯ ಹೆರಿಗೆಯಾದ ಮೇಲೆ ಶಸ್ತ್ರಚಿಕಿತ್ಸೆಗೆ ಮೊದಲು ಹೋಗಬೇಕಾದವನು ತಾನೆಂಬ ಮಾತು ಗಂಡಸರ ನಡುವೆಯೇ ಹುಟ್ಟಬೇಕು. ಅದರಿಂದ ಶಕ್ತಿ ಕುಂದುತ್ತದೆಂಬುದು ಸುಳ್ಳು.

ಮೂರನೆಯದಾಗಿ, ಮಹಿಳಾ ವಿಭಾಗದವರು ಬಯಸಿದರೆ, ಬ್ಯಾಂಕಿನ ವ್ಯವಹಾರವನ್ನು ತಾವೇ ನಡೆಸುವುದು ಹೇಗೆಂದು ಭಾನುವಾರಗಳಲ್ಲಿ ಹೇಳಿಕೊಡಲು ನಾವೂ ನಮ್ಮ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ನಾಲ್ಕನೆಯದಾಗಿ, ಇಲ್ಲಿ ಕುಳಿತಿರುವ ಅತ್ತೆಯರಲ್ಲಿ, ಅಜ್ಜಿಯರಲ್ಲಿ ಒಂದು ಪ್ರಾರ್ಥನೆ. ಸೊಸೆಯ ಪಾಲಿಗೆ ಸರಕಾರ ದೂರ, ಕೋರ್ಟು ಇನ್ನೂ ದೂರ, ನೀವು ಹತ್ತಿರ. ಹಗಲಿರುಳು ಒಬ್ಬಂಟಿಯಾಗಿ ಹೆತ್ತು ಸಾಕಿದವರು ನೀವು. 'ನನಗೆ ಯಾರೂ ಕೇಳಲಿಲ್ಲ. ನಿನ್ನನ್ನು ನಾನು ಕೇಳುತ್ತೇನೆ, ನಿನಗೆ ಏನು ಬೇಕಮ್ಮಾ?' ಎಂದು ನೀವು ಒಂದು ಮಾತು ಕೇಳಿದರೆ, ಬೀಗದ ಕೈಯನ್ನು ಕೊಡುವ ಕಾಲಕ್ಕಿಂತ ಮೊದಲೇ ಸೊಸೆಯ ಕೈಗೆ ಅಧಿಕಾರ ಬಂದಂತಾಗುತ್ತದೆ. ನಿಮ್ಮ ಗೌರವವೂ ಅದರಿಂದ ಕಡಿಮೆಯಾಗುವುದಿಲ್ಲ.

ಮಕ್ಕಳು ಮನೆಗೆ ಬೆಳಕು. ಅದರಲ್ಲಿ ಎರಡು ಮಾತಿಲ್ಲ. ಬಯಸಿದ ತಾಯಿಯ ಮಡಿಲಿಗೆ, ಬಯಸಿದ ಕಾಲಕ್ಕೆ ಬಂದ ಮಗುವಿನ ಬೆಳಕು ಇನ್ನೂ ಹೆಚ್ಚು ಎಂಬುದಷ್ಟೇ ನಮ್ಮ ಅಭಿಪ್ರಾಯ. 

ಸಿರಿಗನ್ನಡಂ ಗೆಲ್ಗೆ.